ರಾಜ ಪದಕ ಕೊಟ್ಟ, ಊರ ಮೇಯರ್ ಕೈ ಕುಲುಕಲಿಲ್ಲ: ಹೈಜಂಪ್ ಚಾಂಪಿಯನ್ ಆಲಿಸ್ ಕೋಚ್‌ಮನ್ ಕಥೆ

ಹೋದ ವರ್ಷ ಹೋಬಳಿ ಮಟ್ಟದ ಕ್ರೀಡಾಕೂಟದ ವರದಿಗೆ ಹೋಗಿದ್ದೆವು. ಮೈದಾನದ ಒಂದು ಮೂಲೆಯಲ್ಲಿ ಎರಡು ಬಿದಿರು ಗಳ ನೆಟ್ಟು, ನಡುವೆ ಹಗ್ಗ ಕಟ್ಟಿ ಹೈಜಂಪ್ ನಡೆಸುತ್ತಿದ್ದರು. ಆಚೆ ಕಡೆ ಬೀಳುವ ಜಾಗಕ್ಕೆ ಅರ್ಧ ಟ್ರೈಲರ್ ಮರಳು. ಚೂಡಿದಾರ್ ಹಾಕಿದ್ದ ಒಬ್ಬ ಹುಡುಗಿ ಬರಿಗಾಲಲ್ಲಿ ಓಡಿ ಬಂದು ಹಗ್ಗ ದಾಟಿದಳು. ಪಿ.ಟಿ. ಮೇಷ್ಟ್ರು ಹಗ್ಗವನ್ನು ಒಂದು ಗೇಣು ಏರಿಸಿದರು. ಮತ್ತೆ ದಾಟಿದಳು. ಉಳಿದ ಹುಡುಗಿಯರೆಲ್ಲ ಸೋತು ಕೂತ ಮೇಲೂ ಇವಳೊಬ್ಬಳೇ ಎರಡು ಸಲ ದಾಟಿದಳು. ನಮ್ಮ ಪಕ್ಕ ನಿಂತಿದ್ದ ಹಿರಿಯರೊಬ್ಬರು, "ಹೆಣ್ಣುಮಗು ಇಷ್ಟೊಂದು ನೆಗೆದು ಏನಾಗ್ಬೇಕು ಬಿಡಿ" ಅಂದರು. ನಾವೂ ನಕ್ಕು ಸುಮ್ಮನಾದೆವು.

ಸಂಜೆ ವರದಿ ಕಳಿಸಿದೆವು. ಉದ್ಘಾಟನೆ ಮಾಡಿದವರು, ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ವಂದಿಸಿದವರು, ಎಲ್ಲರ ಹೆಸರೂ ಇತ್ತು. ಆ ಹುಡುಗಿಯ ಹೆಸರು ಇರಲಿಲ್ಲ. ಕೇಳಿ ಬರೆದುಕೊಳ್ಳಲೇ ಇಲ್ಲ. ಎಷ್ಟು ಎತ್ತರ ದಾಟಿದಳು ಅನ್ನುವುದೂ ನಮ್ಮ ನೋಟ್‌ಬುಕ್ಕಿನಲ್ಲಿಲ್ಲ.

ಆಮೇಲೆ ಆಲಿಸ್ ಕೋಚ್‌ಮನ್ ಬಗ್ಗೆ ಓದುವಾಗಲೆಲ್ಲ ಆ ಹಗ್ಗ ಕಣ್ಣ ಮುಂದೆ ಬರುತ್ತದೆ. ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕ ಗೆದ್ದ ಮೊದಲ ಕಪ್ಪು ಮಹಿಳೆ ಆಕೆ. ಇಡೀ ಪ್ರಪಂಚದಲ್ಲಿ ಮೊದಲಿಗರು. ಆಕೆ ಕಲಿತದ್ದೂ ಇಂಥದ್ದೇ ಹಗ್ಗದ ಮೇಲೆ, ಬರಿಗಾಲಲ್ಲಿ, ಮಣ್ಣಿನ ನೆಲದಲ್ಲಿ. ಆಕೆಯ ಕಥೆಯನ್ನು ಇವತ್ತು ನಿಮಗೆ ಹೇಳುತ್ತೇವೆ.

ಹತ್ತಿ ಬಿಡಿಸುವ ಮನೆಯ ಹುಡುಗಿ

ಅಮೆರಿಕದ ದಕ್ಷಿಣ ಭಾಗದಲ್ಲಿ ಜಾರ್ಜಿಯಾ ಅಂತ ಒಂದು ರಾಜ್ಯ. ಅಲ್ಲಿ ಆಲ್ಬನಿ ಅನ್ನುವ ಊರು. ಸುತ್ತಮುತ್ತ ಹತ್ತಿ ಹೊಲ, ಕಾಯಿ ಬಿಡುವ ಪೆಕಾನ್ ಮರಗಳ ತೋಪು. ಆ ಊರಲ್ಲಿ 1923ರ ನವೆಂಬರ್ 9ರಂದು ಆಲಿಸ್ ಹುಟ್ಟಿದಳು. ಅಪ್ಪ ಫ್ರೆಡ್, ಅಮ್ಮ ಎವಲಿನ್. ಹತ್ತು ಮಕ್ಕಳಲ್ಲಿ ಇವಳು ಐದನೆಯವಳು. ಅಪ್ಪ ಗೋಡೆಗೆ ಗಾರೆ ಮಾಡುವ ಕೆಲಸದವರು. ಅಷ್ಟು ದೊಡ್ಡ ಸಂಸಾರಕ್ಕೆ ಒಬ್ಬರ ದುಡಿಮೆ ಸಾಲದು. ಮಕ್ಕಳೂ ಹತ್ತಿ ಬಿಡಿಸಲು ಹೋಗುತ್ತಿದ್ದರು, ಹಣ್ಣು ಕಾಯಿ ಆರಿಸಿ ಮಾರುತ್ತಿದ್ದರು.

ಆಗಿನ ಅಮೆರಿಕದ ದಕ್ಷಿಣ ರಾಜ್ಯಗಳ ಕಾನೂನು ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. ಬಿಳಿಯರಿಗೆ ಒಂದು ಶಾಲೆ, ಕಪ್ಪು ಜನರಿಗೆ ಇನ್ನೊಂದು. ಕುಡಿಯುವ ನೀರಿನ ನಲ್ಲಿ ಬೇರೆ, ಬಸ್ಸಿನಲ್ಲಿ ಕೂರುವ ಜಾಗ ಬೇರೆ, ಆಸ್ಪತ್ರೆಯ ವಾರ್ಡು ಬೇರೆ. ಇದು ಬರೀ ರೂಢಿಯಲ್ಲ, ಬರೆದಿಟ್ಟ ಕಾನೂನು. ಹೋಟೆಲಿನಲ್ಲಿ ಬೇರೆ ಲೋಟ, ಊರಲ್ಲಿ ಬೇರೆ ಬಾವಿ ಕಂಡ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಟದ ಮೈದಾನಕ್ಕೂ ಇದೇ ನಿಯಮ. ಊರಲ್ಲಿ ಒಳ್ಳೆಯ ಮೈದಾನ ಇದ್ದರೂ ಕಪ್ಪು ಮಕ್ಕಳು ಒಳಗೆ ಕಾಲಿಡುವಂತಿರಲಿಲ್ಲ. ಹಾಗಾಗಿ ಆಲಿಸ್ ಮಣ್ಣಿನ ರಸ್ತೆಯಲ್ಲಿ ಓಡಿದಳು. ಕೋಲು ನೆಟ್ಟು, ಹಗ್ಗ ಇಲ್ಲವೇ ಹಳೇ ಬಟ್ಟೆ ಗಂಟು ಹಾಕಿ ಅಡ್ಡ ಕಟ್ಟಿ ನೆಗೆದಳು. ಹುಡುಗರ ಜೊತೆ ಪಂದ್ಯ ಕಟ್ಟಿ ಗೆದ್ದಳು.

ಮನೆಯಲ್ಲಿ ಇದು ಯಾರಿಗೂ ಹಿಡಿಸಲಿಲ್ಲ. ಅಪ್ಪ ಬಹಳ ಶಿಸ್ತಿನ ಮನುಷ್ಯ. ಹೆಣ್ಣುಮಕ್ಕಳು ಜಗಲಿಯ ಮೇಲೆ ಗಂಭೀರವಾಗಿ ಕೂತಿರಬೇಕು ಅನ್ನುವವರು. ಆಡಲು ಓಡಿ ಹೋದ ಮಗಳಿಗೆ ಏಟು ಬೀಳುತ್ತಿತ್ತು. ಏಟು ತಿಂದ ಹುಡುಗಿ ಮಾರನೇ ದಿನ ಮತ್ತೆ ಓಡಿ ಹೋಗುತ್ತಿದ್ದಳು.

ಅಂದರೆ ಇವಳ ಮುಂದೆ ಎರಡು ಬೇಲಿ ಇದ್ದವು. ಒಂದು ಸರ್ಕಾರದ್ದು, ಕಪ್ಪು ಬಣ್ಣದವಳು ಅಂತ. ಇನ್ನೊಂದು ಮನೆಯದ್ದು, ಹೆಣ್ಣು ಅಂತ.

ಒಬ್ಬ ಟೀಚರ್, ಒಬ್ಬ ಚಿಕ್ಕಮ್ಮ, ಒಬ್ಬ ಕೋಚ್

ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ "ಛಲ ಬಿಡದೆ ಸಾಧಿಸಿದಳು" ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಛಲ ಇತ್ತು, ಸುಳ್ಳಲ್ಲ. ಆದರೆ ಛಲ ಇದ್ದೂ ಹತ್ತಿ ಹೊಲದಲ್ಲೇ ಉಳಿದು ಹೋದ ಹುಡುಗಿಯರು ಎಷ್ಟೋ. ಆಲಿಸ್ ಹಾಗೆ ಉಳಿಯದೆ ಇರಲು ಕೆಲವು ಜನ ಕಾರಣ. ಅವರ ಹೆಸರು ಇತಿಹಾಸದಲ್ಲಿ ಉಳಿದಿದೆ, ಅದು ಒಳ್ಳೆಯದಾಯಿತು.

ಮೊದಲನೆಯವರು ಐದನೇ ಕ್ಲಾಸಿನ ಟೀಚರ್ ಕೋರಾ ಬೈಲಿ. ಮನ್ರೋ ಸ್ಟ್ರೀಟ್ ಎಲಿಮೆಂಟರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಈ ಹುಡುಗಿಯ ಕಾಲಲ್ಲಿ ಏನೋ ಇದೆ ಅಂತ ಅವರಿಗೆ ಕಂಡಿತು. ಎರಡನೆಯವರು ಆಲಿಸ್‌ಳ ಚಿಕ್ಕಮ್ಮ ಕ್ಯಾರಿ ಸ್ಪ್ರೈ. ಅಪ್ಪ ಅಮ್ಮ ಬೇಡ ಅಂದಾಗಲೆಲ್ಲ ಈಕೆ ಹುಡುಗಿಯ ಪರ ನಿಂತು ಮಾತಾಡಿದರು.

1938ರಲ್ಲಿ ಆಲಿಸ್ ಮ್ಯಾಡಿಸನ್ ಹೈಸ್ಕೂಲ್ ಸೇರಿದಳು. ಅಲ್ಲಿ ಸಿಕ್ಕವರು ಕೋಚ್ ಹ್ಯಾರಿ ಲ್ಯಾಷ್. ಅಲ್ಲಿಯವರೆಗೆ ತಾನೇ ಕಲಿತುಕೊಂಡಿದ್ದ ನೆಗೆತಕ್ಕೆ ಇಲ್ಲಿ ಒಂದು ಕ್ರಮ ಬಂತು. ಒಂದೇ ವರ್ಷದಲ್ಲಿ ಅವಳ ಹೆಸರು ಪಕ್ಕದ ಅಲಬಾಮಾ ರಾಜ್ಯದ ಟಸ್ಕೀಗಿ ಅನ್ನುವ ಊರಿಗೆ ಮುಟ್ಟಿತು.

ಟಸ್ಕೀಗಿ ಸಂಸ್ಥೆ ಎಂದರೆ ಕಪ್ಪು ಜನರ ವಿದ್ಯಾಭ್ಯಾಸಕ್ಕಾಗಿ 1881ರಲ್ಲಿ ಬೂಕರ್ ಟಿ. ವಾಷಿಂಗ್ಟನ್ ಮುಂದೆ ನಿಂತು ಬೆಳೆಸಿದ್ದು. ಓದಿನ ಜೊತೆ ಕಸುಬನ್ನೂ ಕಲಿಸುತ್ತಿದ್ದ ಜಾಗ. ಅಲ್ಲಿಯ ಕ್ರೀಡಾ ಮುಖ್ಯಸ್ಥ ಕ್ಲೀವ್ ಆ್ಯಬಟ್, ಹೆಣ್ಣುಮಕ್ಕಳ ಓಟ ಜಿಗಿತಗಳನ್ನು ಗಂಭೀರವಾಗಿ ತೆಗೆದುಕೊಂಡವರು. ದೇಶದ ಬೇರೆ ಕಾಲೇಜುಗಳು ಹೆಣ್ಣುಮಕ್ಕಳ ಓಟಕ್ಕೆ ಬೆಲೆ ಕೊಡದಿದ್ದ ಕಾಲದಲ್ಲಿ, ಕಪ್ಪು ಜನರ ಈ ಕಾಲೇಜಿನ ಹುಡುಗಿಯರು 1937ರಲ್ಲಿ ರಾಷ್ಟ್ರೀಯ ತಂಡ ಪ್ರಶಸ್ತಿ ಗೆದ್ದಿದ್ದರು.

1939ರ ಬೇಸಿಗೆ. ಆಲಿಸ್‌ಗೆ ಆಗ 15 ವರ್ಷ. ಟಸ್ಕೀಗಿಯಿಂದ ಕರೆ ಬಂತು. ಕ್ಲಾಸು ಶುರುವಾಗುವ ಮೊದಲೇ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಕರೆದುಕೊಂಡು ಹೋದರು. ಹುಡುಗಿ ಬರಿಗಾಲಲ್ಲೇ ನೆಗೆದಳು. ಹೈಸ್ಕೂಲ್ ಮತ್ತು ಕಾಲೇಜು ಮಟ್ಟದ ದಾಖಲೆ ಎರಡನ್ನೂ ಮುರಿದು ಚಾಂಪಿಯನ್ ಆದಳು.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಅದಕ್ಕೆ ಹಿಂದಿನ ಎರಡು ವರ್ಷ, 1937 ಮತ್ತು 1938ರಲ್ಲಿ, ಅಮೆರಿಕದ ಹೈಜಂಪ್ ಚಾಂಪಿಯನ್ ಆಗಿದ್ದವರು ಗ್ರೆಟೆಲ್ ಬರ್ಗ್‌ಮನ್. ಆಕೆ ಜರ್ಮನಿಯ ಯಹೂದಿ. 1936ರಲ್ಲಿ ಜರ್ಮನಿಯ ದಾಖಲೆಗೆ ಸಮನಾಗಿ 1.60 ಮೀಟರ್ ನೆಗೆದಿದ್ದರೂ, ಯಹೂದಿ ಅನ್ನುವ ಕಾರಣಕ್ಕೆ ಹಿಟ್ಲರನ ಸರ್ಕಾರ ಬರ್ಲಿನ್ ಒಲಿಂಪಿಕ್ಸ್ ತಂಡದಿಂದ ಆಕೆಯನ್ನು ಕೈಬಿಟ್ಟಿತು. ಆ ಒಲಿಂಪಿಕ್ಸ್‌ನಲ್ಲಿ ಮೊದಲ ಮೂವರು ದಾಟಿದ ಎತ್ತರವೂ 1.60 ಮೀಟರೇ. ಬರ್ಗ್‌ಮನ್ ದೇಶ ಬಿಟ್ಟು ಅಮೆರಿಕ ಸೇರಿದರು. ಹುಟ್ಟಿದ ಕುಲದ ಕಾರಣಕ್ಕೆ ಮೈದಾನದಿಂದ ಹೊರದಬ್ಬಿಸಿಕೊಂಡ ಒಬ್ಬ ಹೆಣ್ಣುಮಗಳ ನಂತರ, ಬಣ್ಣದ ಕಾರಣಕ್ಕೆ ಮೈದಾನವೇ ಸಿಗದ ಇನ್ನೊಬ್ಬ ಹೆಣ್ಣುಮಗಳು ಅದೇ ಪಟ್ಟಕ್ಕೆ ಬಂದಳು.

ಹತ್ತು ವರ್ಷ, ಹತ್ತು ಪಟ್ಟ

ಟಸ್ಕೀಗಿಯಲ್ಲಿ ವಿದ್ಯಾರ್ಥಿವೇತನ ಸಿಕ್ಕಿತು ಅಂದರೆ ಕೂತು ಓದುವುದು ಅಂತಲ್ಲ. ದುಡಿದು ತೀರಿಸಬೇಕು. ಆಲಿಸ್ ಜಿಮ್ ಗುಡಿಸಿದರು, ಈಜುಕೊಳ ತೊಳೆದರು, ಟೆನಿಸ್ ಅಂಗಳಕ್ಕೆ ರೋಲರ್ ಎಳೆದರು, ಫುಟ್‌ಬಾಲ್ ಆಡುವ ಹುಡುಗರ ಹರಿದ ಬಟ್ಟೆ ಹೊಲಿದರು. ಆ ಕೆಲಸ ಮುಗಿಸಿ ಅಭ್ಯಾಸ. ಬ್ಯಾಸ್ಕೆಟ್‌ಬಾಲ್ ತಂಡದಲ್ಲೂ ಆಡಿದರು, ಆ ತಂಡವೂ ಗೆದ್ದಿತು. ಓದಿದ್ದು ಹೊಲಿಗೆ. 1946ರಲ್ಲಿ ಉಡುಪು ತಯಾರಿಕೆಯಲ್ಲಿ ಪದವಿ ಪಡೆದರು. ಆಮೇಲೆ ಊರಿಗೆ ಮರಳಿ ಆಲ್ಬನಿ ಸ್ಟೇಟ್ ಕಾಲೇಜಿನಲ್ಲಿ ಗೃಹವಿಜ್ಞಾನ ಓದಿ 1949ರಲ್ಲಿ ಇನ್ನೊಂದು ಪದವಿ ಮಾಡಿಕೊಂಡರು.

ಇದರ ನಡುವೆ ಹೈಜಂಪ್. 1939, 1940, 1941, ಹೀಗೆ 1948ರವರೆಗೆ ಒಂದು ವರ್ಷವೂ ತಪ್ಪದೆ ಹತ್ತು ಸಲ ರಾಷ್ಟ್ರೀಯ ಹೈಜಂಪ್ ಚಾಂಪಿಯನ್ ಆದರು. ಹೈಜಂಪ್ ಒಂದೇ ಅಲ್ಲ, 50 ಮೀಟರ್, 100 ಮೀಟರ್ ಓಟ, ರಿಲೇ ಓಟಗಳಲ್ಲೂ ಪಟ್ಟ ಗೆದ್ದರು.

ಆಕೆ ನೆಗೆಯುತ್ತಿದ್ದ ರೀತಿ ಪುಸ್ತಕದಲ್ಲಿರುವಂಥದ್ದಲ್ಲ. ಅರ್ಧ ನೇರ ನೆಗೆತ, ಅರ್ಧ ಮೈ ಹೊರಳಿಸುವ 'ವೆಸ್ಟರ್ನ್ ರೋಲ್'. ಮಣ್ಣಿನ ರಸ್ತೆಯಲ್ಲಿ ತಾನೇ ಕಲಿತದ್ದು, ಆಮೇಲೆ ಕೋಚ್‌ಗಳು ತಿದ್ದಿದ್ದು. ಈಗ ಟಿ.ವಿ.ಯಲ್ಲಿ ನೀವು ನೋಡುವ ಹಾಗೆ ಬೆನ್ನು ಕೆಳಗೆ ಮಾಡಿ, ತಲೆ ಮೊದಲು ದಾಟುವ ವಿಧಾನ ಪ್ರಸಿದ್ಧವಾದದ್ದು 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ, ಡಿಕ್ ಫಾಸ್ಬರಿ ಎಂಬ ಅಮೆರಿಕದ ಆಟಗಾರನಿಂದ. ಹಾಗೆ ಬೀಳಬೇಕಾದರೆ ದಪ್ಪ ಹಾಸಿಗೆ ಬೇಕು. ಆಲಿಸ್ ಕಾಲದಲ್ಲಿ ಬೀಳುವ ಕಡೆ ಅಂಥ ಹಾಸಿಗೆ ಇರಲಿಲ್ಲ. ಬೆನ್ನ ಮೇಲೆ ಬಿದ್ದರೆ ಬೆನ್ನು ಉಳಿಯುತ್ತಿರಲಿಲ್ಲ. ಆಗಿನವರ ಎತ್ತರವನ್ನು ಈಗಿನವರ ಎತ್ತರದ ಜೊತೆ ಹೋಲಿಸುವಾಗ ಇದು ನೆನಪಿರಲಿ.

ಯುದ್ಧ ತಿಂದ ವರ್ಷಗಳು

ಹತ್ತು ವರ್ಷ ಚಾಂಪಿಯನ್ ಆದವರು ಎಷ್ಟು ಒಲಿಂಪಿಕ್ಸ್ ಆಡಿರಬೇಕು? ಲೆಕ್ಕದ ಪ್ರಕಾರ ಮೂರು. ಆಲಿಸ್ ಆಡಿದ್ದು ಒಂದು.

1940ರ ಒಲಿಂಪಿಕ್ಸ್ ಮೊದಲು ಜಪಾನಿನ ಟೋಕಿಯೊದಲ್ಲಿ ಅಂತ ಆಗಿತ್ತು, ಆಮೇಲೆ ಫಿನ್‌ಲ್ಯಾಂಡಿನ ಹೆಲ್ಸಿಂಕಿ ಅಂತಾಯಿತು, ಕೊನೆಗೆ ಎರಡನೇ ಮಹಾಯುದ್ಧದಿಂದ ನಿಂತೇ ಹೋಯಿತು. 1944ರದ್ದು ಲಂಡನ್ನಿನಲ್ಲಿ ಆಗಬೇಕಿತ್ತು. ಅದೂ ಆಗಲಿಲ್ಲ. ಮೊದಲನೆಯದು ತಪ್ಪಿದಾಗ ಆಲಿಸ್‌ಗೆ 16 ವರ್ಷ, ಎರಡನೆಯದು ತಪ್ಪಿದಾಗ 20. ಜಿಗಿಯುವವರಿಗೆ ಇವೇ ಹಸಿರು ವರ್ಷಗಳು. ಒಂದು ಮಳೆ ತಪ್ಪಿದರೆ ಮುಂದಿನ ಮಳೆಗೆ ಬಿತ್ತಬಹುದು. ಕಾಲಿನ ಕಸುವಿಗೆ ಹಾಗೆ ಮರುಬಿತ್ತನೆ ಇಲ್ಲ.

ಒಲಿಂಪಿಕ್ಸ್ ನಡೆದಿದ್ದರೂ ಕಪ್ಪು ಹೆಣ್ಣುಮಗಳಿಗೆ ದಾರಿ ಸಲೀಸಾಗಿರುತ್ತಿತ್ತು ಅಂತಲ್ಲ. 1932ರಲ್ಲಿ ಟೈಡಿ ಪಿಕೆಟ್, ಲೂಯಿಸ್ ಸ್ಟೋಕ್ಸ್ ಎಂಬ ಇಬ್ಬರು ಕಪ್ಪು ಹುಡುಗಿಯರು ಅಮೆರಿಕದ ರಿಲೇ ತಂಡಕ್ಕೆ ಆಯ್ಕೆಯಾಗಿ ಲಾಸ್ ಏಂಜಲೀಸ್‌ವರೆಗೂ ಹೋಗಿದ್ದರು. ಓಡುವ ಹೊತ್ತಿಗೆ ಅವರನ್ನು ಬಿಟ್ಟು ಬಿಳಿಯ ಹುಡುಗಿಯರನ್ನು ಓಡಿಸಿದರು.

1948ಕ್ಕೆ ಒಲಿಂಪಿಕ್ಸ್ ಮತ್ತೆ ಬಂತು. ಲಂಡನ್. ಆಲಿಸ್‌ಗೆ ಈಗ 24. ಬೆನ್ನುನೋವು ಬೇರೆ ಕಾಡುತ್ತಿತ್ತು. ಹೋಗುವುದೋ ಬಿಡುವುದೋ ಅನ್ನುವ ಯೋಚನೆಯೂ ಇತ್ತು. ಆ ನೋವಿನಲ್ಲೇ ಆಯ್ಕೆ ಪಂದ್ಯ ಗೆದ್ದು ಹಡಗು ಹತ್ತಿದರು.

1948ರ ಆಗಸ್ಟ್ 7, ವೆಂಬ್ಲಿ

ಯುದ್ಧದ ಬಾಂಬಿನಿಂದ ಕೆಟ್ಟ ಲಂಡನ್ ಇನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಅಲ್ಲಿ ಆಹಾರಕ್ಕೆ ಇನ್ನೂ ರೇಷನ್ ಇತ್ತು. ಆದರೂ ವೆಂಬ್ಲಿ ಮೈದಾನ ಹತ್ತಾರು ಸಾವಿರ ಜನರಿಂದ ತುಂಬಿತ್ತು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಕೂಡ ಅದೇ. ಆಲಿಸ್ ನೆಗೆದ ಐದು ದಿನಕ್ಕೆ, ಆಗಸ್ಟ್ 12ರಂದು, ಅದೇ ವೆಂಬ್ಲಿಯಲ್ಲಿ ನಮ್ಮ ಹಾಕಿ ತಂಡ ಬ್ರಿಟನ್ನನ್ನು 4-0ರಿಂದ ಸೋಲಿಸಿ ಚಿನ್ನ ಗೆದ್ದಿತು. ಆ ಪಂದ್ಯ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದೇ ಮೈದಾನದ ಈ ಪಂದ್ಯ ಗೊತ್ತಿರುವವರು ಕಡಿಮೆ.

ಹೈಜಂಪ್ ನಿಯಮ ಸರಳ. ಪ್ರತಿ ಎತ್ತರಕ್ಕೂ ಮೂರು ಅವಕಾಶ. ಮೂರರಲ್ಲೂ ಕೋಲು ಬಿದ್ದರೆ ಆಟ ಮುಗಿಯಿತು. ದಾಟಿದವರಿಗೆ ಕೋಲು ಏರುತ್ತಾ ಹೋಗುತ್ತದೆ. ಬೇರೆ ಬಹಳಷ್ಟು ಆಟಗಳಲ್ಲಿ ಗೆದ್ದವರು ಗೆಲುವಿನಿಂದ ಮುಗಿಸುತ್ತಾರೆ. ಹೈಜಂಪ್‌ನಲ್ಲಿ ಗೆದ್ದವರೂ ಸಾಮಾನ್ಯವಾಗಿ ಕೋಲು ಬೀಳಿಸಿಯೇ ಮುಗಿಸುವುದು.

ಅವತ್ತು ಸಂಜೆಯ ಹೊತ್ತಿಗೆ ಕಣದಲ್ಲಿ ಇಬ್ಬರೇ ಉಳಿದರು. ಒಬ್ಬರು ಆಲಿಸ್. ಇನ್ನೊಬ್ಬರು ಬ್ರಿಟನ್ನಿನ ಡೊರೊತಿ ಟೈಲರ್. ಆಕೆಯೂ ಸಾಮಾನ್ಯದವರಲ್ಲ. 16 ವರ್ಷದ ಹುಡುಗಿಯಾಗಿದ್ದಾಗಲೇ 1936ರ ಬರ್ಲಿನ್‌ನಲ್ಲಿ ಬೆಳ್ಳಿ ಗೆದ್ದಿದ್ದರು. ಈಗ ಇಬ್ಬರು ಮಕ್ಕಳ ತಾಯಿ. ಮೈದಾನದ ಜನವೆಲ್ಲ ತಮ್ಮ ದೇಶದ ಆಕೆಯ ಕಡೆಗೇ.

ಆಲಿಸ್‌ಗೆ ಒಂದು ಅಭ್ಯಾಸವಿತ್ತು. ಪಂದ್ಯದ ನಡುವೆ ನಿಂಬೆಹಣ್ಣು ಚೀಪುವುದು. ಮೈ ಹಗುರಾದ ಹಾಗೆ ಅನ್ನಿಸುತ್ತದೆ ಅನ್ನುತ್ತಿದ್ದರು.

ಕೋಲು 1.68 ಮೀಟರ್‌ಗೆ ಏರಿತು. ನಮ್ಮ ಲೆಕ್ಕದಲ್ಲಿ ಐದೂವರೆ ಅಡಿಗೆ ಚೂರು ಮೇಲೆ. ನೀವು ಸಾಧಾರಣ ಎತ್ತರದವರಾದರೆ ಒಂದು ಸಲ ನಿಮ್ಮ ನೆತ್ತಿಯ ಮಟ್ಟಕ್ಕೆ ಕೈ ಹಿಡಿದು ನೋಡಿಕೊಳ್ಳಿ, ಅಷ್ಟು. ಆಲಿಸ್ ಮೊದಲ ಯತ್ನದಲ್ಲೇ ದಾಟಿದರು. ಟೈಲರ್ ಒಂದು ಸಲ ಕೋಲು ಬೀಳಿಸಿ, ಎರಡನೇ ಯತ್ನದಲ್ಲಿ ದಾಟಿದರು. ಮುಂದಿನ ಎತ್ತರ ಇಬ್ಬರಿಗೂ ಆಗಲಿಲ್ಲ. ಇಬ್ಬರದೂ ಒಂದೇ ಎತ್ತರ, ಇಬ್ಬರದೂ ಹೊಸ ಒಲಿಂಪಿಕ್ ದಾಖಲೆ. ಆದರೆ ಆ ಎತ್ತರವನ್ನು ಕಡಿಮೆ ಯತ್ನದಲ್ಲಿ ದಾಟಿದವರಿಗೆ ಚಿನ್ನ. ಆ ಒಂದು ಯತ್ನದ ಅಂತರದಲ್ಲಿ ಆಲಿಸ್ ಗೆದ್ದರು. ಫ್ರಾನ್ಸಿನ ಮಿಶೆಲಿನ್ ಓಸ್ಟರ್‌ಮೆಯರ್‌ಗೆ ಕಂಚು.

ಟೈಲರ್‌ಗೆ ಇದು ಎರಡನೇ ಪೆಟ್ಟು. 1936ರಲ್ಲಿ ಆಕೆ 1.60 ಮೀಟರನ್ನು ಮೊದಲ ಯತ್ನದಲ್ಲೇ ದಾಟಿದ್ದರು. ಆಗ ನಿಯಮ ಬೇರೆ ಇತ್ತು, ಸಮವಾದವರನ್ನು ಮತ್ತೆ ನೆಗೆಸುತ್ತಿದ್ದರು. ಹಾಗೆ ನೆಗೆದಾಗ ಹಂಗೇರಿಯ ಆಟಗಾರ್ತಿ ಗೆದ್ದರು. 1948ರ ನಿಯಮ 1936ರಲ್ಲಿ ಇದ್ದಿದ್ದರೆ ಆಗ ಚಿನ್ನ ಟೈಲರ್‌ದೇ. ಗೆಲುವು ಸೋಲಿನಲ್ಲಿ ಆ ಕಾಲದ ನಿಯಮದ ಪಾಲು ಎಷ್ಟಿರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ತಾನು ಗೆದ್ದದ್ದು ಆಲಿಸ್‌ಗೆ ಕೂಡಲೇ ತಿಳಿಯಲಿಲ್ಲ. ಮೈದಾನದ ದೊಡ್ಡ ಬೋರ್ಡಿನ ಮೇಲೆ ಮೊದಲನೇ ಸ್ಥಾನದ ಎದುರು ತನ್ನ ಹೆಸರು ನೋಡಿದ ಮೇಲೆಯೇ ಗೊತ್ತಾಯಿತು ಅಂತ ಮುಂದೆ ಹೇಳಿಕೊಂಡಿದ್ದಾರೆ. ಪದಕ ಕೊಟ್ಟವರು ಬ್ರಿಟನ್ನಿನ ರಾಜ ಆರನೇ ಜಾರ್ಜ್. ಆ ಒಲಿಂಪಿಕ್ಸ್‌ನ ಅಥ್ಲೆಟಿಕ್ಸ್‌ನಲ್ಲಿ ಅಮೆರಿಕದ ಹೆಣ್ಣುಮಕ್ಕಳಿಗೆ ಬಂದ ಚಿನ್ನ ಅದೊಂದೇ. ಅದರ ಹಿಂದಿನ ದಿನವಷ್ಟೇ ಆಡ್ರಿ ಪ್ಯಾಟರ್ಸನ್ 200 ಮೀಟರ್ ಓಟದಲ್ಲಿ ಕಂಚು ಗೆದ್ದು, ಒಲಿಂಪಿಕ್ ಪದಕ ಪಡೆದ ಅಮೆರಿಕದ ಮೊದಲ ಕಪ್ಪು ಮಹಿಳೆಯಾಗಿದ್ದರು.

ಊರಿಗೆ ಬಂದಾಗ

ಕಥೆ ಇಲ್ಲಿಗೆ ಮುಗಿದಿದ್ದರೆ ನಾವು ಬರೆಯುತ್ತಿರಲಿಲ್ಲವೇನೋ. ಗೆದ್ದವರ ಕಥೆ ಎಲ್ಲರೂ ಬರೆಯುತ್ತಾರೆ. ಗೆದ್ದವರು ಊರಿಗೆ ಬಂದಾಗ ಏನಾಯಿತು ಅನ್ನುವುದು ನಮಗೆ ಮುಖ್ಯ.

ಅಮೆರಿಕಕ್ಕೆ ಮರಳಿದ ಆಲಿಸ್‌ಗೆ ದೊಡ್ಡ ಸತ್ಕಾರವಾಯಿತು. ಹೆಸರಾಂತ ಸಂಗೀತಗಾರ ಕೌಂಟ್ ಬೇಸಿ ಔತಣ ಕೊಟ್ಟರು. ಅಧ್ಯಕ್ಷ ಟ್ರೂಮನ್ ಶ್ವೇತಭವನಕ್ಕೆ ಕರೆಸಿ ಅಭಿನಂದಿಸಿದರು. ಜಾರ್ಜಿಯಾದ ರಾಜಧಾನಿ ಅಟ್ಲಾಂಟಾದಿಂದ ಆಲ್ಬನಿವರೆಗೆ 175 ಮೈಲಿ, ಅಂದರೆ ಸುಮಾರು 280 ಕಿಲೋಮೀಟರ್ ಕಾರುಗಳ ಮೆರವಣಿಗೆ. ದಾರಿಯ ಊರುಗಳಲ್ಲಿ ಜನ ನಿಂತು ಕೈ ಬೀಸಿದರು. ಆಲ್ಬನಿಯಲ್ಲಿ ಅವತ್ತು 'ಆಲಿಸ್ ಕೋಚ್‌ಮನ್ ದಿನ'.

ಮೆರವಣಿಗೆ ಮುಗಿದು ಸನ್ಮಾನ ಸಭೆ. ಪುರಸಭೆಯ ಸಭಾಂಗಣ. ಒಳಗೆ ಬಿಳಿಯರು ಒಂದು ಕಡೆ, ಕಪ್ಪು ಜನ ಒಂದು ಕಡೆ. ಸನ್ಮಾನ ನಡೆಯುವುದು ಕಪ್ಪು ಹೆಣ್ಣುಮಗಳಿಗೆ, ಕೂರುವ ವ್ಯವಸ್ಥೆ ಮಾತ್ರ ಹಳೆಯ ಕಾನೂನಿನಂತೆಯೇ. ಊರಿನ ಬಿಳಿಯ ಮೇಯರ್ ಅದೇ ವೇದಿಕೆಯ ಮೇಲೆ ಕೂತಿದ್ದರು. ಆಲಿಸ್ ಕೈ ಕುಲುಕಲಿಲ್ಲ. ಸಭೆ ಮುಗಿದ ಮೇಲೆ ಆಕೆ ಹೊರಗೆ ಹೋದದ್ದು ಪಕ್ಕದ ಬಾಗಿಲಿನಿಂದ. ಮುಂಬಾಗಿಲು ಬಿಳಿಯರಿಗೆ.

ಸಾಗರದ ಆಚೆ ರಾಜ ತನ್ನ ಕೈಯಾರೆ ಪದಕ ಕೊಟ್ಟಿದ್ದ. ಆ ಪದಕ ಹಿಡಿದ ಕೈಯನ್ನು ಮುಟ್ಟಲು ಸ್ವಂತ ಊರಿನ ಮೇಯರ್ ಒಪ್ಪಲಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತಲೂ ನಮ್ಮನ್ನು ಕಾಡಿತು. ಆ ದಿನಗಳಲ್ಲಿ ಆಲಿಸ್ ಮನೆಗೆ ಕೆಲವು ಬಿಳಿಯರೂ ಹೂವು, ಉಡುಗೊರೆ ಕಳಿಸಿದರು. ಆದರೆ ಹೆಸರು ಬರೆಯದೆ. ಅಕ್ಕಪಕ್ಕದವರಿಗೆ ಗೊತ್ತಾದರೆ ಏನಂದುಕೊಳ್ಳುತ್ತಾರೋ ಅನ್ನುವ ಭಯ. ಅಂದರೆ ಊರಲ್ಲಿ ಎಲ್ಲರೂ ಕೆಟ್ಟವರಾಗಿರಲಿಲ್ಲ. ಮನಸ್ಸಲ್ಲಿ ಖುಷಿಪಟ್ಟವರೂ ಇದ್ದರು. ಆ ಖುಷಿಯನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ, ಅಷ್ಟೇ. ಕೆಟ್ಟ ಪದ್ಧತಿ ಉಳಿಯುವುದು ಕೆಟ್ಟವರಿಂದ ಮಾತ್ರ ಅಲ್ಲ. ಒಳ್ಳೆಯವರು ಹೆಸರು ಬರೆಯದೆ ಹೂವು ಕಳಿಸಿ ಸುಮ್ಮನಾಗುವುದರಿಂದಲೂ ಉಳಿಯುತ್ತದೆ.

ಇದೇ ಆಲ್ಬನಿ ಊರು ಮತ್ತೆ ಸುದ್ದಿಯಾದದ್ದು 1961ರಲ್ಲಿ. ಬೇರ್ಪಡಿಸುವ ಕಾನೂನಿನ ವಿರುದ್ಧ ಊರಿನ ಕಪ್ಪು ಜನ ಬೀದಿಗಿಳಿದರು. ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿಗೆ ಬಂದು ಜೈಲಿಗೂ ಹೋದರು. 1964ರಲ್ಲಿ ಇಡೀ ದೇಶಕ್ಕೆ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಆ ಹೊತ್ತಿಗೆ ಆಲಿಸ್‌ಗೆ 40 ವರ್ಷ.

ಪದಕದ ನಂತರದ ಬದುಕು

ಲಂಡನ್ ಒಲಿಂಪಿಕ್ಸ್ ಆದ ಮೇಲೆ ಆಲಿಸ್ ಮತ್ತೆ ಸ್ಪರ್ಧೆಗೆ ಇಳಿಯಲಿಲ್ಲ. 24ನೇ ವಯಸ್ಸಿಗೇ ನಿಲ್ಲಿಸಿದರು. ಓದು ಮುಗಿಸಿ ಶಿಕ್ಷಕಿಯಾದರು. ಜಾರ್ಜಿಯಾ, ಅಲಬಾಮಾ, ದಕ್ಷಿಣ ಕ್ಯಾರೊಲಿನಾಗಳಲ್ಲಿ ದೈಹಿಕ ಶಿಕ್ಷಣ ಕಲಿಸಿದರು, ಮಕ್ಕಳಿಗೆ ಕೋಚ್ ಆದರು. ಮದುವೆಯಾಗಿ ಇಬ್ಬರು ಮಕ್ಕಳ ತಾಯಿಯಾದರು. 1952ರಲ್ಲಿ ಕೋಕಾ ಕೋಲಾ ಕಂಪನಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಅಂಥ ದೊಡ್ಡ ಕಂಪನಿಯ ಜಾಹೀರಾತಿಗೆ ಅಮೆರಿಕದ ಕಪ್ಪು ಮಹಿಳೆಯೊಬ್ಬರು ಮುಖವಾದದ್ದು ಅದೇ ಮೊದಲು. ಬರ್ಲಿನ್‌ನಲ್ಲಿ ನಾಲ್ಕು ಚಿನ್ನ ಗೆದ್ದಿದ್ದ ಜೆಸ್ಸಿ ಓವೆನ್ಸ್ ಜೊತೆ ಆಕೆಯ ಚಿತ್ರ ರಸ್ತೆ ಬದಿಯ ಬೋರ್ಡುಗಳಲ್ಲಿ ಬಂತು.

ದೊಡ್ಡ ಗೌರವಗಳು ಬಹಳ ತಡವಾಗಿ ಬಂದವು. 1975ರಲ್ಲಿ ಅಮೆರಿಕದ ಅಥ್ಲೆಟಿಕ್ಸ್ ಗಣ್ಯರ ಪಟ್ಟಿಗೆ ಸೇರಿಸಿದರು, ಗೆದ್ದು 27 ವರ್ಷಕ್ಕೆ. 1996ರಲ್ಲಿ ಅವರದೇ ರಾಜ್ಯದ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ನಡೆದಾಗ, ಸಾರ್ವಕಾಲಿಕ 100 ಶ್ರೇಷ್ಠ ಒಲಿಂಪಿಕ್ ಆಟಗಾರರಲ್ಲಿ ಒಬ್ಬರೆಂದು ಗುರುತಿಸಿದರು. ಆಗ ಅವರಿಗೆ 72. 2004ರಲ್ಲಿ ಅಮೆರಿಕದ ಒಲಿಂಪಿಕ್ ಗಣ್ಯರ ಪಟ್ಟಿಗೂ ಹೆಸರು ಸೇರಿತು. ಪಕ್ಕದ ಬಾಗಿಲಿನಿಂದ ಕಳಿಸಿದ್ದ ಆಲ್ಬನಿಯಲ್ಲಿ ಈಗ ಒಂದು ಪ್ರಾಥಮಿಕ ಶಾಲೆಗೆ ಆಲಿಸ್ ಕೋಚ್‌ಮನ್ ಹೆಸರಿದೆ. 2014ರ ಜುಲೈ 14ರಂದು, 90ನೇ ವಯಸ್ಸಿನಲ್ಲಿ, ಅದೇ ಊರಲ್ಲಿ ತೀರಿಕೊಂಡರು.

ತಾನು ಸೋತಿದ್ದರೆ ಹಿಂದೆ ಬರುವ ಕಪ್ಪು ಹುಡುಗಿಯರಿಗೆ ದಾರಿ ತೆರೆಯುತ್ತಿತ್ತೋ ಇಲ್ಲವೋ ಅನ್ನುವ ಯೋಚನೆ ಆಲಿಸ್‌ಗೆ ಕೊನೆಯವರೆಗೂ ಇತ್ತು. ಆಕೆ ಗೆದ್ದ 12 ವರ್ಷಕ್ಕೆ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ, ವಿಲ್ಮಾ ರುಡಾಲ್ಫ್ ಮೂರು ಚಿನ್ನ ಗೆದ್ದರು. ಚಿಕ್ಕಂದಿನಲ್ಲಿ ಪೋಲಿಯೊದಿಂದ ಕಾಲಿಗೆ ಪಟ್ಟಿ ಕಟ್ಟಿಕೊಂಡು ನಡೆದ ಹುಡುಗಿ ಅವರು. ದಾರಿ ತೆರೆದಿತ್ತು.

ಮತ್ತೆ ನಮ್ಮ ಹಗ್ಗದ ಹತ್ತಿರ

ಹೆಣ್ಣುಮಕ್ಕಳ ಹೈಜಂಪ್ ಈಗ 2.10 ಮೀಟರ್‌ವರೆಗೆ ಹೋಗಿದೆ. 2024ರಲ್ಲಿ ಉಕ್ರೇನಿನ ಯಾರೊಸ್ಲಾವಾ ಮಹುಚಿಖ್ ಅಷ್ಟು ನೆಗೆದರು. ನಮ್ಮ ಕರಾವಳಿಯ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ದಾಟಿ ರಾಷ್ಟ್ರೀಯ ದಾಖಲೆ ಮಾಡಿದರು, ಆಲಿಸ್ ಗೆದ್ದ ಅದೇ ಲಂಡನ್ ನಗರಕ್ಕೆ ಒಲಿಂಪಿಕ್ಸ್ ಆಡಲು ಹೋದರು. ಈ ಅಂಕಿಗಳ ಪಕ್ಕದಲ್ಲಿ 1.68 ಚಿಕ್ಕದಾಗಿ ಕಾಣಬಹುದು. ಹಾಸಿಗೆ ಇಲ್ಲ, ಮೈದಾನ ಇಲ್ಲ, ಎರಡು ಒಲಿಂಪಿಕ್ಸ್ ಇಲ್ಲ, ಮನೆಯಲ್ಲಿ ಏಟು. ಅಷ್ಟನ್ನೂ ಕಳೆದು ಉಳಿದದ್ದು 1.68.

ಆಲಿಸ್ ಕಥೆಯಲ್ಲಿ ನಮಗೆ ಬೇಕಾದವರು ಎರಡು ಬಗೆಯ ಜನ. ಕೋರಾ ಬೈಲಿ, ಕ್ಯಾರಿ ಸ್ಪ್ರೈ ಒಂದು ಬಗೆ. ಅವರೇನೂ ದೊಡ್ಡ ಅಧಿಕಾರಿಗಳಲ್ಲ. ದುಡ್ಡು ಕೊಟ್ಟವರೂ ಅಲ್ಲ. ಒಬ್ಬರು ನೋಡಿದರು, ಒಬ್ಬರು ಮನೆಯವರ ಎದುರು ಬಾಯಿಬಿಟ್ಟು ಮಾತಾಡಿದರು. ಹೆಸರು ಬರೆಯದೆ ಹೂವು ಕಳಿಸಿದವರು ಇನ್ನೊಂದು ಬಗೆ. ಹೋಬಳಿ ಕ್ರೀಡಾಕೂಟದಲ್ಲಿ ಆ ಹಿರಿಯರ ಮಾತಿಗೆ ನಕ್ಕು ಸುಮ್ಮನಾದ ನಾವು ಈ ಎರಡನೇ ಬಗೆಗೆ ಸೇರಿದವರು. ಕೈಯಲ್ಲಿ ಪೆನ್ನು ಇತ್ತು. ಹುಡುಗಿಯ ಹೆಸರು ಬರೆಯಲಿಲ್ಲ.

ಈ ವರ್ಷ ಆ ಶಾಲೆಗೆ ಹೋಗಿ ವಿಚಾರಿಸಿದೆವು. ಆ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿ ಹೋಗಿದ್ದಾಳೆ. ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾಗಿದ್ದಳು, ಮನೆಯಲ್ಲಿ ಕಳಿಸಲಿಲ್ಲ ಅಂದರು ಪಿ.ಟಿ. ಮೇಷ್ಟ್ರು. ಎಷ್ಟು ಎತ್ತರ ದಾಟಿದ್ದಳು ಸಾರ್ ಅಂತ ಕೇಳಿದೆವು. ಅವರು ಮೈದಾನಕ್ಕೆ ಕರೆದುಕೊಂಡು ಹೋಗಿ, ನೆಲಕ್ಕೆ ಗಳ ಊರಿ, ಹಗ್ಗ ಉಜ್ಜಿ ಬಿಳಿಚಿಕೊಂಡಿದ್ದ ಗುರುತಿನ ಮೇಲೆ ಬೆರಳಿಟ್ಟು ತೋರಿಸಿದರು. ಟೇಪು ಹಿಡಿದು ಅಳೆದೆವು. ನಾಲ್ಕು ಅಡಿ ಎರಡು ಇಂಚು.

ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು, ಹೆಸರಿನ ಜೊತೆ. ಅವಳ ಒಪ್ಪಿಗೆ ಕೇಳಿಲ್ಲವಾದ್ದರಿಂದ ಆ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಮುಂದಿನ ಕ್ರೀಡಾಕೂಟದ ವರದಿಯಲ್ಲಿ ಮೊದಲ ಸಾಲಿಗೆ ಗೆದ್ದ ಮಕ್ಕಳ ಹೆಸರು, ಎರಡನೇ ಸಾಲಿಗೆ ಅವರು ದಾಟಿದ ಎತ್ತರ. ಅತಿಥಿಗಳ ಹೆಸರು ಜಾಗ ಉಳಿದರೆ.